ಮದ್ಯ ಹೊಯ್ದುಕೊಡುವವನ ಹೊಣೆ

ಕುಡಿದವನು ಕೆಟ್ಟರೆ ತಪ್ಪು ಅವನೊಬ್ಬನದೇ ಎಂದು ನಾವು ಹೇಳುವದುಂಟು. ಹೊಯ್ದುಕೊಟ್ಟವನಿಗೆ ಹೊಣೆಯಿಲ್ಲವೋ?

ಗಿರಾಕಿಯು ಹೆಚ್ಚು ಕುಡಿದಷ್ಟೂ ಅಂಗಡಿಯವನಿಗೆ ಲಾಭ. ಹೀಗಿರಲಾಗಿ “ಸಾಕು” ಎಂದು ಹೇಳಲು ಅವನಿಗೆ ಬಾಯಿ ಬಾರದು. ಇದನ್ನು ಕಂಡು ಸ್ವೀಡನ್ ದೇಶದ ಗೋಥೆನ್‌ಬರ್ಗ್ ಪಟ್ಟಣದವರು 1865ರಲ್ಲಿ ಸಾರಾಯಿಯ ಪರವಾನಿಗೆಗಳನ್ನು ಒಂದು ಮಂಡಲಿಗೆ ಒಪ್ಪಿಸಿದರು. ಪಾಲುಗಾರರಿಗೆ ಮಿತವಾದ ಬಡ್ಡಿ ಮಾತ್ರ ಸಲ್ಲುತ್ತಿತ್ತು; ಅಂಗಡಿ ನಡಿಸುವವನಿಗೆ ಸಾರಾಯಿಯಿಂದ ಲಾಭವಿಲ್ಲ, ಊಟತಿಂಡಿಗಳಿಂದ ಲಾಭ. ಸಾಲವಾಗಿ ಕೊಡಕೂಡದೆಂಬ ಕಟ್ಟಳೆಯೂ ಇತ್ತು. ಇದರಲ್ಲಿ ದೋಷವಿಲ್ಲದೆ ಇರಲಿಲ್ಲ: ಬೀರು ಈ ಕಟ್ಟಳೆಗೆ ಒಳಪಡಲಿಲ್ಲ; ಮಿಕ್ಕ ಹಣವು ತಮಗೆ ಬರುತ್ತಿದ್ದದರಿಂದ ಪಟ್ಟಣಗಳೂ ಅದಕ್ಕೆ ಆಸೆಪಟ್ಟವು.

ಇಂಗ್ಲೆಂಡ್ ಮತ್ತು ವೇಲ್ಸ್ ಸೀಮೆಗಳ 2003ನೇ ಇಸವಿಯ ಕಾನೂನಿನ ಪ್ರಕಾರ, ಅಮಲೇರಿದವನಿಗೆ ತಿಳಿದೂ ತಿಳಿದು ಮದ್ಯ ಮಾರುವದು ಅಪರಾಧ; ಅಂಥವನಿಗಾಗಿ ಅಲ್ಲಿ ಕೊಂಡುಕೊಡುವ ಸ್ನೇಹಿತನೂ ಅಪರಾಧಿಯೇ.

ಇದರಿಂದ ನಾವು ಕಲಿಯತಕ್ಕದ್ದೇನು? ಏರಿದ ಅಮಲು ಇಳಿಯಲು ಹೊತ್ತು ಹಿಡಿಯುವದು. ಕಾಫಿಯಾಗಲಿ ತಣ್ಣೀರ ಸ್ನಾನವಾಗಲಿ ಅದನ್ನು ತ್ವರೆಪಡಿಸದು. ಆದಕಾರಣ ಹೊಯ್ಯುವವನು ಮೊದಲೇ ಕೈ ತಡೆಯಬೇಕು, ಅನ್ನವನ್ನೂ ನೀರನ್ನೂ ಮುಂದಿಡಬೇಕು, ಅಮಲೇರಿದವನನ್ನು ಒಂಟಿಯಾಗಿ ದಾರಿಗೆ ಬಿಡಕೂಡದು. ಆ ಮನುಷ್ಯನಿಗಾಗಿ ಮನೆಯಲ್ಲಿ ಹೆಂಡತಿಮಕ್ಕಳು ಕಾದಿರುವರೆಂಬದನ್ನು ನಾವು ಮರೆಯದಿರೋಣ.