ತಕ್ಕಡಿಯ ನ್ಯಾಯ

ನ್ಯಾಯವೆಂದೊಡನೆ ನ್ಯಾಯಾಲಯದ ನೆನಪಾಗುವುದು ಸಹಜ. ಆದರೆ ನಿತ್ಯಜೀವನದಲ್ಲಿ ನ್ಯಾಯದ ಪರೀಕ್ಷೆ ನಡೆಯುವುದು ಅಂಗಡಿಯ ತಕ್ಕಡಿಯ ಮುಂದೆ. ಹಿಂದೆ ಸೇರು, ಮಣಗಳ ತೂಕವು ಊರಿಂದೂರಿಗೆ ಬೇರೆಯಾಗಿತ್ತು. ಲೆಕ್ಕವರಿಯದವನು ಸುಲಭವಾಗಿ ಮೋಸಹೋಗುತ್ತಿದ್ದನು. ಈ ಗೊಂದಲವನ್ನು ನೀಗಲು 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆಯಾಯಿತು. 1958ರ ಅಕ್ಟೋಬರಿನಿಂದ ಕಿಲೋಗ್ರಾಂ ಹಂತಹಂತವಾಗಿ ಬಳಕೆಗೆ ಬಂದಿತು. ಇಂದು 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದಂತೆ ವ್ಯಾಪಾರಿಯ ತಕ್ಕಡಿಗೂ ತೂಕದ ಬಟ್ಟುಗಳಿಗೂ ಸರಕಾರದ ಮುದ್ರೆ ಇರಬೇಕು. ಆದರೂ ಮುದ್ರೆಯೊತ್ತಿದ ಬಟ್ಟಿನಿಂದಲೇ ಕಡಮೆ ತೂಗುವ ಕೈಗಳುಂಟು. ಪ್ರಶ್ನಿಸಬಲ್ಲ ಗಿರಾಕಿಗೆ ಸರಿಯಾಗಿ ತೂಗುವುದು ಕೇವಲ ಜಾಣತನವಿರಬಹುದು. ಅಕ್ಷರವರಿಯದ ವೃದ್ಧೆಗೂ, ಬೆಲ್ಲ ಕೊಳ್ಳಲು ಬಂದ ಎಳೆಯ ಮಗುವಿಗೂ ಅದೇ ತೂಕವನ್ನು ಕೊಡುವುದೇ ನಿಜವಾದ ನ್ಯಾಯ. ಕೊಳ್ಳುವವರಿಗೂ ಈ ಮಾತು ಅನ್ವಯಿಸುತ್ತದೆ; ತಪ್ಪಿ ಹೆಚ್ಚಾಗಿ ಬಂದ ಚಿಲ್ಲರೆಯನ್ನು ಹಿಂದಿರುಗಿಸುವುದು ಅವರ ಕರ್ತವ್ಯ. ಎದುರಿಗಿರುವವನು ಲೆಕ್ಕ ಕೇಳಲಾರದಿದ್ದಾಗಲೂ ಅವನ ಪಾಲನ್ನು ಅವನಿಗೆ ಸಲ್ಲಿಸುವವನೇ ನ್ಯಾಯವಂತನು.