ತಟ್ಟೆಯ ತಳದ ಆರು ಅಕ್ಷರ: ನಂಬುವುದು ಹೇಗೆ?



ಕಳೆದ ವರ್ಷ ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅಜ್ಜಿಮನೆಯ ಅಟ್ಟದಲ್ಲಿ ಸಿಕ್ಕಿದ ಪಿಂಗಾಣಿ ತಟ್ಟೆಯನ್ನು ಬೈರಾಸಿನಲ್ಲಿ ಸುತ್ತಿ ಶಾಲೆಗೆ ತಂದಳು. ಬಿಳಿ ಮೈ, ನೀಲಿ ಹೂಬಳ್ಳಿ. ಮಗುಚಿ ನೋಡಿದರೆ ತಳದಲ್ಲಿ ಆರು ಚೀನೀ ಅಕ್ಷರ. "ಟೀಚರ್, ಇದು ಹಳೇದಾ? ಮಾರಿದ್ರೆ ಮನೆಯ ಮಾಡು ರಿಪೇರಿ ಮಾಡ್ಬಹುದು ಅಂತ ಅಮ್ಮ ಹೇಳಿದ್ರು" ಅಂದಳು. ನಾನು ಮೊಬೈಲಿನಲ್ಲಿ ಅಕ್ಷರಗಳನ್ನು ಹೋಲಿಸಿ ನೋಡಿ, "ಐನೂರು ವರ್ಷ ಹಳೆಯದು!" ಅಂದುಬಿಟ್ಟೆ. ಅದು ನನ್ನ ತಪ್ಪು. ತಪ್ಪಿದ್ದೆಲ್ಲಿ ಎಂಬುದೇ ಈ ಪಾಠ.

ಮುದ್ರೆ ಏನು ಹೇಳುತ್ತದೆ?

ಚೀನಾದ ಜಿಂಗ್‌ಡೆಝೆನ್ ಪಿಂಗಾಣಿಗೆ ಹೆಸರಾದ ಊರು. ಮಿಂಗ್ ಮತ್ತು ಚಿಂಗ್ ವಂಶಗಳ ಕಾಲದಲ್ಲಿ ಅರಮನೆಗಾಗಿ ಮಾಡಿದ ಅನೇಕ ಪಾತ್ರೆಗಳ ತಳದಲ್ಲಿ ಚಕ್ರವರ್ತಿಯ ಆಳ್ವಿಕೆಯ ಹೆಸರು ಬರೆಯುತ್ತಿದ್ದರು. ಎರಡು ಸಾಲಿನ ಮುದ್ರೆಯನ್ನು ಮೇಲಿನಿಂದ ಕೆಳಗೆ, ಬಲದಿಂದ ಎಡಕ್ಕೆ ಓದಬೇಕು. ಮೊದಲ ಎರಡು ಅಕ್ಷರ ವಂಶ, ನಂತರದ ಎರಡು ಆಳ್ವಿಕೆ, ಕೊನೆಯ ಎರಡು "ಕಾಲದಲ್ಲಿ ಮಾಡಿದ್ದು".

ನಮ್ಮ ತಟ್ಟೆಯಲ್ಲಿದ್ದದ್ದು "ದಾ ಮಿಂಗ್ ಚೆಂಗ್‌ಹುವಾ ನಿಯೆನ್ ಝಿ", ಅಂದರೆ ಮಹಾ ಮಿಂಗ್ ವಂಶದ ಚೆಂಗ್‌ಹುವಾ ಕಾಲದಲ್ಲಿ (1465–1487) ಮಾಡಿದ್ದು. ಆ ಕಾಲದ, ಕೋಳಿ ಚಿತ್ರವಿರುವ ಸಣ್ಣ ಬಟ್ಟಲೊಂದು 2014ರಲ್ಲಿ ಹಾಂಗ್‌ಕಾಂಗ್ ಹರಾಜಿನಲ್ಲಿ 28 ಕೋಟಿ ಹಾಂಗ್‌ಕಾಂಗ್ ಡಾಲರಿಗೂ ಹೆಚ್ಚಿಗೆ ಮಾರಾಟವಾಗಿತ್ತು. ನನ್ನ ತಲೆ ತಿರುಗಿದ್ದು ಅದನ್ನು ಓದಿಯೇ!

ಆದರೆ ಮುಂದೆ ಓದಿದಾಗ ಬೇರೆ ವಿಷಯ ತಿಳಿಯಿತು. ಸುಮಾರು 200 ವರ್ಷಗಳ ನಂತರ, ಕಾಂಗ್‌ಶಿ ಚಕ್ರವರ್ತಿಯ ಕಾಲದ (1662–1722) ಕುಶಲಕರ್ಮಿಗಳು ಹಳೆಯ ಕೆಲಸದ ಮೇಲಿನ ಗೌರವದಿಂದ ಚೆಂಗ್‌ಹುವಾ ಹೆಸರನ್ನೇ ಬರೆಯುತ್ತಿದ್ದರು. 19ನೇ ಶತಮಾನದಲ್ಲಿ ಕಾಂಗ್‌ಶಿಯ ಹೆಸರನ್ನೂ ಹಾಗೆಯೇ ಬಳಸಿದರು. ಈಗಲೂ ಇಂಥ ಮುದ್ರೆಗಳನ್ನು ಹಾಕುತ್ತಾರೆ. ಹಾಗಾಗಿ ಮುದ್ರೆ ಒಂದು ಹೇಳಿಕೆ ಅಷ್ಟೇ, ಸಾಕ್ಷ್ಯ ಅಲ್ಲ.

ಒಂದು ಮುದ್ರೆ ಮಾತ್ರ ಸ್ವಲ್ಪ ಸಹಾಯ ಮಾಡುತ್ತದೆ. ಆಮದಾಗುವ ವಸ್ತುವಿನ ಮೇಲೆ ದೇಶದ ಹೆಸರಿರಬೇಕೆಂಬ ಅಮೆರಿಕದ ಕಾನೂನು 1891ರಲ್ಲಿ ಜಾರಿಗೆ ಬಂತು. ತಳದಲ್ಲಿ ಇಂಗ್ಲಿಷಿನಲ್ಲಿ "ಚೈನಾ" ಎಂದಿದ್ದರೆ ಅದು ಹೆಚ್ಚಾಗಿ ಆಮೇಲಿನದು.

ವಿಜ್ಞಾನ ಏನು ಹೇಳುತ್ತದೆ?

ಪಿಂಗಾಣಿಯ ನೀಲಿ ಬಣ್ಣ ಕೋಬಾಲ್ಟ್‌ನದು. ಹಸಿ ಪಾತ್ರೆಯ ಮೇಲೆ ಬರೆದು, ಮೇಲೆ ಗ್ಲೇಜ್ ಬಳಿದು, ಸುಮಾರು 1300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ಗ್ಲೇಜ್ ಕರಗಿ ಗಾಜಿನಂಥ ಪದರವಾಗುತ್ತದೆ. ಚಿತ್ರ ಅದರ ಅಡಿಯಲ್ಲಿರುವುದರಿಂದ ಉಗುರಿಗೆ ಸಿಗುವುದಿಲ್ಲ. ಆದರೆ ಇಂದಿನ ನಕಲನ್ನೂ ಹೀಗೇ ಮಾಡಬಹುದು!

ಪ್ರಯೋಗಾಲಯದಲ್ಲಿ ಎರಡು ದಾರಿಗಳಿವೆ.

1. ಎಕ್ಸ್-ರೇ ಪ್ರತಿದೀಪ್ತಿ: ಕೋಬಾಲ್ಟ್ ಅದಿರಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಬೆರೆತಿರುತ್ತವೆ. ಅದಿರಿನ ಮೂಲ ಬದಲಾದರೆ ಅವುಗಳ ಪ್ರಮಾಣವೂ ಬದಲಾಗುತ್ತದೆ. ಪಾತ್ರೆಗೆ ಹಾನಿಯಾಗದಂತೆ ಇದನ್ನು ಅಳೆಯಬಹುದು.

2. ಉಷ್ಣದೀಪ್ತಿ: ಗೂಡಿನಲ್ಲಿ ಸುಟ್ಟಾಗ ಮಣ್ಣಿನ ಹರಳುಗಳಲ್ಲಿ ಸಿಕ್ಕಿಕೊಂಡಿದ್ದ ಇಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ, ಗಡಿಯಾರ ಸೊನ್ನೆಗೆ ಬಂದಂತೆ. ಆಮೇಲೆ ನೈಸರ್ಗಿಕ ವಿಕಿರಣದಿಂದ ಮತ್ತೆ ಇಲೆಕ್ಟ್ರಾನುಗಳು ಸಿಕ್ಕಿಕೊಳ್ಳುತ್ತಾ ಹೋಗುತ್ತವೆ. ಸಣ್ಣ ಮಾದರಿ ಕೊರೆದು ಬಿಸಿಮಾಡಿದಾಗ ಬರುವ ಬೆಳಕನ್ನು ಅಳೆದು, ಸುಟ್ಟು ಎಷ್ಟು ಕಾಲವಾಯಿತೆಂದು ಅಂದಾಜು ಮಾಡುತ್ತಾರೆ.

ನಮ್ಮ ತಟ್ಟೆಗೆ ಅಷ್ಟೆಲ್ಲ ಬೇಕಾಗಲಿಲ್ಲ. ಶಾಲೆಯ ಭೂತಗನ್ನಡಿಯಲ್ಲಿ ನೋಡಿದಾಗ ನೀಲಿ ಗೆರೆಗಳಲ್ಲಿ ಕುಂಚದ ಗುರುತೇ ಇರಲಿಲ್ಲ. ಪತ್ರಿಕೆಯ ಫೋಟೋದಲ್ಲಿರುವಂತೆ ಸಾಲಾಗಿ ಸಣ್ಣ ಸಣ್ಣ ಚುಕ್ಕಿಗಳಿದ್ದವು. ಅಂದರೆ ಯಂತ್ರದಲ್ಲಿ ಅಚ್ಚಾದ ಚಿತ್ರ, ಇತ್ತೀಚಿನದು. ಹುಡುಗಿಯ ಅಮ್ಮನಿಗೆ ನಾನೇ ಹೋಗಿ ಹೇಳಿದೆ. ಅವರು ಏನೂ ಅನ್ನಲಿಲ್ಲ. ನೋಡದೆ ಆಸೆ ಹುಟ್ಟಿಸಿದೆನಲ್ಲಾ ಅಂತ ನನಗೇ ಬೇಸರವಾಯಿತು.

ಹಾಗಂತ ಆ ಹುಡುಗಿಯ ಪ್ರಶ್ನೆ ದಡ್ಡತನದ್ದಲ್ಲ. ಝೆಂಗ್ ಹೆಯ ಚೀನೀ ಹಡಗುಗಳು 15ನೇ ಶತಮಾನದಲ್ಲಿ ನಮ್ಮ ಕಾಸರಗೋಡಿನ ದಕ್ಷಿಣದ ಕಲ್ಲಿಕೋಟೆಗೆ ಬಂದಿದ್ದವು. ಹಂಪಿಯ ಉತ್ಖನನದಲ್ಲೂ ಚೀನೀ ಪಿಂಗಾಣಿ ಚೂರುಗಳು ಸಿಕ್ಕಿವೆ. ಅಮೆರಿಕದಲ್ಲಿ ಒಬ್ಬರು 35 ಡಾಲರಿಗೆ ಕೊಂಡ ಹಳೆಯ ಬಟ್ಟಲು 2021ರಲ್ಲಿ 7,21,800 ಡಾಲರಿಗೆ ಹರಾಜಾಯಿತು. ತಜ್ಞರು ಅದನ್ನು ಗುರುತಿಸಿದ್ದು ಆಕಾರ, ಚಿತ್ರದ ಶೈಲಿ, ನೀಲಿಯ ಬಗೆ ನೋಡಿ. ಬೆಲೆ ನಿಂತಿರುವುದು ವಯಸ್ಸು, ಅಪರೂಪ, ಬಿರುಕಿಲ್ಲದಿರುವುದು, ಯಾರ ಕೈಯಿಂದ ಬಂತೆಂಬ ದಾಖಲೆ ಇವೆಲ್ಲದರ ಮೇಲೆ.

ನೆನಪಿಡಿ: ಮನೆಯಲ್ಲಿ ಹಳೆಯ ಪಾತ್ರೆ ಸಿಕ್ಕರೆ ಉಜ್ಜಿ ತೊಳೆಯಬೇಡಿ, ಗುಜರಿಗೆ ಅವಸರದಲ್ಲಿ ಕೊಡಬೇಡಿ. ವಸ್ತುಸಂಗ್ರಹಾಲಯದವರಿಗೆ ತೋರಿಸಿ. 1972ರ ಕಾನೂನಿನಂತೆ 100 ವರ್ಷ ದಾಟಿದ ಇಂಥ ಕಲಾವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ.

ಮಾಡಿ ನೋಡಿ

ಮನೆಯ ಒಂದು ಪಿಂಗಾಣಿ ಕಪ್ಪನ್ನೋ ಭರಣಿಯನ್ನೋ ಭೂತಗನ್ನಡಿಯಲ್ಲಿ ನೋಡಿ. ಚಿತ್ರ ಕುಂಚದ್ದೋ ಅಚ್ಚಿನದೋ? ಗ್ಲೇಜಿನ ಮೇಲಿದೆಯೋ ಕೆಳಗೋ? ಮೊದಲು ನೋಡಿದ್ದನ್ನು ಬರೆಯಿರಿ, ಆಮೇಲೆ ತೀರ್ಮಾನ ಬರೆಯಿರಿ.

ಯೋಚಿಸಿ ಉತ್ತರಿಸಿ

1. ಹಳೆಯ ಪಾತ್ರೆಯೊಂದು ಮನೆಗೆ ಬಿದ್ದ ಬೆಂಕಿಯಲ್ಲಿ ಚೆನ್ನಾಗಿ ಕಾದಿತ್ತು. ಉಷ್ಣದೀಪ್ತಿ ಪರೀಕ್ಷೆ ಯಾವ ವಯಸ್ಸು ತೋರಿಸೀತು? ಯಾಕೆ?
2. "ಮುದ್ರೆ ಇಲ್ಲ, ಆದ್ದರಿಂದ ಇದು ಹಳೆಯದಲ್ಲ." ಈ ವಾದದಲ್ಲಿ ತಪ್ಪೇನು?