ಊಟಕ್ಕೆ ಮೊಬೈಲ್, ಮಾತಿಗೆ ತಡ

ಪ್ರಶ್ನೆ: ಮಗನಿಗೆ 20 ತಿಂಗಳು. ಮೊಬೈಲ್ ತೋರಿಸದಿದ್ದರೆ ತುತ್ತು ನುಂಗುವುದಿಲ್ಲ. ‘ಅಮ್ಮ’ ಬಿಟ್ಟರೆ ಬೇರೆ ಮಾತಿಲ್ಲ. ಏನು ಮಾಡಲಿ?

ಉತ್ತರ: ಊಟದ ಹೊತ್ತಿನಿಂದಲೇ ಬದಲಾವಣೆ ಶುರು ಮಾಡಿ. ಒಂದು ವರ್ಷದ ಮಕ್ಕಳಿಗೆ ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಮಾತು ಬೆಳೆಯುವುದು ಮಾತಿಗೆ ಮರುಮಾತು ಸಿಕ್ಕಾಗ. ಮೊಬೈಲ್ ಮಗುವಿನ ಉತ್ತರಕ್ಕೆ ಕಾಯುವುದಿಲ್ಲ, ನೀವು ಕಾಯಬಲ್ಲಿರಿ. ‘ಅನ್ನ ಬೇಕಾ?’ ಎಂದು ಕೇಳಿ, ಚಮಚ ಹಿಡಿದು ಮನಸ್ಸಿನಲ್ಲೇ ಐದು ಎಣಿಸಿ. ಅವನು ‘ಅ’ ಅಂದರೂ, ಕೈ ಚಾಚಿದರೂ ‘ಹೂಂ, ಅನ್ನ!’ ಎನ್ನುತ್ತಾ ತಿನ್ನಿಸಿ. ಮೊದಮೊದಲು ಹಟ ಹಿಡಿದು ಕಡಿಮೆ ತಿಂದಾನು. ಆರೋಗ್ಯವಾಗಿರುವ ಮಗು ಹಸಿವಾದಾಗ ತಿನ್ನುತ್ತದೆ, ಒತ್ತಾಯ ಬೇಡ.

‘ಗಂಡುಮಕ್ಕಳಿಗೆ ಮಾತು ತಡ’ ಎಂಬ ಸಮಾಧಾನ ನಂಬಿ ಕೂರಬೇಡಿ. 18 ತಿಂಗಳಿಗೆ ಅಮ್ಮ, ಅಪ್ಪ ಬಿಟ್ಟು ಮೂರು ಪದಗಳಾದರೂ ಬರಬೇಕು. ಈ ವಾರವೇ ಮಕ್ಕಳ ವೈದ್ಯರನ್ನು ಕಂಡು ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಈ ಸೌಲಭ್ಯವಿದೆ.